ಅಂಡಮಾನಿನಲ್ಲಿ ಅತ್ತೆಯ ಉಪವಾಸ

ಮೊನ್ನೆ ಅಟ್ಟದ ಮೇಲಿಂದ ಸಂಡಿಗೆ ಡಬ್ಬ ಇಳಿಸುತ್ತಿದ್ದೆ. ಅದರ ಮುಚ್ಚಳದ ಮೇಲೆ ಕೂತಿದ್ದ ಹಳದಿ ಟೊಪ್ಪಿಗೆಯೊಂದು ಸೀದಾ ನನ್ನ ಮುಖದ ಮೇಲೆ ಬಿತ್ತು. ಸಂಡಿಗೆಗೂ ಟೊಪ್ಪಿಗೆಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ ಮನೆಯಲ್ಲಿ ಯಾವ ವಸ್ತುವೂ ಅದರ ಜಾಗದಲ್ಲಿ ಇರುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಹುಡುಕದಿದ್ದರೆ ಹೀಗೆ ಮೈಮೇಲೆ ಬೀಳುತ್ತದೆ. ಟೊಪ್ಪಿಗೆಯ ಮುಂದೆ ಒಂದು ತೆಂಗಿನ ಮರ, ಅರ್ಧ ಸೂರ್ಯ, ಕೆಳಗೆ ಟೂರ್ ಕಂಪನಿಯ ಹೆಸರು. ಆ ಹೆಸರಿನ ಮುಕ್ಕಾಲು ಅಕ್ಷರ ಉದುರಿಹೋಗಿದೆ, ಹಾಗಾಗಿ ಅವರ ಮರ್ಯಾದೆ ಉಳಿಯಿತು. ಇಲ್ಲದಿದ್ದರೆ ಇಲ್ಲಿ ಬರೆದೇ ಬಿಡುತ್ತಿದ್ದೆ.

ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೇ ನಿಂತುಬಿಟ್ಟೆ. ಅಂಡಮಾನಿಗೆ ಹೋಗಿ ಬಂದು ಹತ್ತು ವರ್ಷದ ಮೇಲಾಗಿದೆ. ಆದರೂ ಆ ಹಳದಿ ನೋಡಿದರೆ ಕಿವಿಯಲ್ಲಿ ಸೀಟಿ ಊದಿದ ಹಾಗಾಗುತ್ತದೆ. ಯಾಕೆಂದು ಹೇಳುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಪ್ರವಾಸ ಮಾಡುವ ವಿದ್ಯೆ ನನಗೆ ಬರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಪೀಣ್ಯದಲ್ಲಿ. ಅಪ್ಪನಿಗೆ ಅಲ್ಲೊಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಿಷನ್ ಮೇಲೆ ಕೆಲಸ. ನಮ್ಮ ಬೀದಿಯ ಮಣ್ಣಿನಲ್ಲಿ ಕಲ್ಲಿಗಿಂತ ಕಬ್ಬಿಣದ ಸುರುಳಿಗಳೇ ಜಾಸ್ತಿ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು, ಬಿಸಿಗೆ ನೀಲಿ ತಿರುಗಿ, ನೋಡಲು ಬಹಳ ಚೆಂದ. ನಾವು ಹುಡುಗಿಯರು ಅವನ್ನು ಜಡೆಗೆ ಸಿಕ್ಕಿಸಿಕೊಂಡು ಮದುಮಗಳ ಆಟ ಆಡುತ್ತಿದ್ದೆವು. ಸಂಜೆ ಅಮ್ಮ ಕೂದಲಿನಿಂದ ಅವನ್ನು ಬಿಡಿಸುತ್ತಾ ಬೈಯುತ್ತಿದ್ದಳು. ವಠಾರದಲ್ಲಿ ಅಕ್ಕಪಕ್ಕ ತಮಿಳರು. ಹಾಗಾಗಿ ತಮಿಳಿನಲ್ಲಿ ಜಗಳ ಆಡಲು ಕಲಿತೆ, ಮಾತಾಡಲು ಆಮೇಲೆ ಕಲಿತೆ. ವರ್ಷಕ್ಕೊಮ್ಮೆ ಕಾರ್ಖಾನೆಯವರು ಬಸ್ಸು ಮಾಡಿ ಯಾವುದಾದರೂ ಅಣೆಕಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ನೀರು ನೋಡಿದರೆ ಅಪ್ಪ ಮಾತ್ರ ಗೇಟಿನ ಬೋಲ್ಟು ನೋಡಿ, “ಎಷ್ಟು ಎಂಎಂ ಇರಬಹುದು ಹೇಳು?” ಅನ್ನುತ್ತಿದ್ದ. ಸಂಜೆ ವಾಪಸ್ಸು. ಪ್ರವಾಸ ಎಂದರೆ ನೀರು ನೋಡಿ, ಚಿತ್ರಾನ್ನ ತಿಂದು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಮನೆಗೆ ಬರುವುದು. ಅಷ್ಟೇ ನನಗೆ ಗೊತ್ತಿದ್ದದ್ದು.

ಮದುವೆಯಾದ ಮೇಲೆ ಮಾರತ್ತಹಳ್ಳಿಗೆ ಬಂದೆ. ಗಂಡ ಮಹೇಶ ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮಿಷನ್ ರಿಪೇರಿ ವಿಭಾಗದ ಎಂಜಿನಿಯರ್. ನನಗೆ ಬೊಮ್ಮಸಂದ್ರದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಇಬ್ಬರಿಗೂ ನ್ಯಾಯ ಆಗಲಿ ಅಂತ ನಡುವೆ ಮನೆ ಮಾಡಿದೆವು. ಇಬ್ಬರಿಗೂ ಸಮನಾಗಿ ಅನ್ಯಾಯ ಆಯಿತು. ನನ್ನ ಕಂಪನಿ ಬಸ್ಸು ಬೆಳಗ್ಗೆ ಆರೂ ಹತ್ತಕ್ಕೆ ಜಂಕ್ಷನ್ನಿಗೆ ಬರುತ್ತದೆ. ಆರೂ ಹನ್ನೊಂದಕ್ಕೆ ಹೋದವರಿಗೆ ಅದರ ಹೊಗೆ ಸಿಗುತ್ತದೆ. ಆ ಆರೂ ಹತ್ತಕ್ಕೂ ನನಗೂ ನಡುವೆ ಪ್ರತಿದಿನ ನಿಲ್ಲುತ್ತಿದ್ದವರು ನಮ್ಮ ಅತ್ತೆ.

ಅತ್ತೆ ರಾಣೆಬೆನ್ನೂರಿನ ಕಡೆಯವರು. ಮಾವ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಐದಕ್ಕೆ ಏಳುತ್ತಾರೆ, ಇರುವ ಒಂದೇ ಬಚ್ಚಲು ಹಿಡಿಯುತ್ತಾರೆ. ಆಮೇಲೆ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಅರ್ಧ ಗಂಟೆ ಪೂಜೆ. ಪೂಜೆ ಆಗದೆ ಹನಿ ಕಾಫಿ ಕೂಡ ಇಲ್ಲ. ನಾವೂ ಲಿಂಗಾಯತರೇ. ಆದರೆ ನಮ್ಮದು ಪೀಣ್ಯದ ಮನೆ, ಲಿಂಗ ದೇವರ ಗೂಡಿನ ಡಬ್ಬದಲ್ಲಿದ್ದು ಹಬ್ಬಕ್ಕೆ ಹೊರಗೆ ಬರುತ್ತಿತ್ತು. ಅತ್ತೆಗೆ ಹಾಗಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರ ಊರ ಹತ್ತಿರದ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಕಟ್ಟಿದ್ದು. ಹೆರಿಗೆ, ಆಪರೇಷನ್ನು, ಮಾವನ ಸಾವು, ಏನೇ ಬಂದರೂ ಅದು ಅವರ ಎದೆ ಬಿಟ್ಟು ಕದಲಿರಲಿಲ್ಲ.

ಮಹೇಶನ ಕಂಪನಿ ಆ ವರ್ಷ ಪ್ರವಾಸದ ಖರ್ಚು ಕೊಟ್ಟಿತು. ಮದುವೆಯಾಗಿ ಏಳು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಅಂಡಮಾನು ಅಂತ ತೀರ್ಮಾನ ಆಯಿತು. ನಾನು ಒಂದು ವಾರ ಬಸ್ಸಿನಲ್ಲಿ ನಿಂತಲ್ಲೇ ನಗುತ್ತಿದ್ದೆ. ಎಂಟನೇ ದಿನ ಊಟಕ್ಕೆ ಕೂತಾಗ ಅತ್ತೆ, “ನಾ ಸಮುದ್ರ ನೋಡಿಲ್ಲಪಾ ಮಹೇಶಾ. ಟೀವಿಯಾಗ ನೋಡೀನಿ, ಖರೇದು ನೋಡಿಲ್ಲ” ಅಂದರು. ಮಹೇಶ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಟಿಕೆಟ್ಟು ಎರಡೇ ಇರುತ್ತಿದ್ದವು.

ಹೀಗೆ ಮೂವರೂ ಹಳದಿ ಟೊಪ್ಪಿಗೆ ಹಾಕಿಕೊಂಡು ಪೋರ್ಟ್ ಬ್ಲೇರಿನಲ್ಲಿ ಇಳಿದೆವು. ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ, ನಮ್ಮನ್ನು ಕಾಯಲು ಒಬ್ಬ ಮ್ಯಾನೇಜರು, ಅವನ ಬಾಯಲ್ಲಿ ಒಂದು ಸೀಟಿ. ತಿಂಡಿಗೆ ಸೀಟಿ, ಬಸ್ಸಿಗೆ ಸೀಟಿ, ಸೂರ್ಯಾಸ್ತ ನೋಡಲು ಸೀಟಿ, ನೋಡಿದ್ದು ಸಾಕು ಅನ್ನಲು ಇನ್ನೊಂದು ಸೀಟಿ. ಬೊಮ್ಮಸಂದ್ರದ ಶಿಫ್ಟ್ ಸೈರನ್ನಿನಿಂದ ತಪ್ಪಿಸಿಕೊಂಡು ಸಾವಿರ ಮೈಲಿ ಬಂದರೆ ಇಲ್ಲಿ ಇವನು!

ಎರಡನೇ ದಿನ ಒಂದು ಸಣ್ಣ ದ್ವೀಪಕ್ಕೆ ಹೋಗುವುದಿತ್ತು. ಯಾವನೋ ಇಂಗ್ಲಿಷ್ ದೊರೆಯ ಹೆಸರಿನ ದ್ವೀಪ. ಬೋಟು ಹತ್ತುವ ಮುಂಚೆ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿದರು. ನಮ್ಮ ಬೋಟು ನಡೆಸುವವನು ಸೆಲ್ವಂ ಅಂತ, ಐವತ್ತರ ತಮಿಳು ಮನುಷ್ಯ. ಅರ್ಧ ಗಂಟೆ ಸಮುದ್ರದಲ್ಲಿ ಹೋಗಿ, ಆಮೇಲೆ ಒಂದು ಕಿರಿದಾದ ಕಾಲುವೆಯೊಳಗೆ ತಿರುಗಿಸಿ ಎಂಜಿನ್ ನಿಲ್ಲಿಸಿದ. ಎರಡೂ ಕಡೆ ಮ್ಯಾಂಗ್ರೋವ್ ಕಾಡು. ನಮ್ಮ ಕರಾವಳಿಯವರು ಕಾಂಡ್ಲಾ ಅನ್ನುತ್ತಾರಲ್ಲ, ಅದೇ. ಮರಗಳು ನೀರಿನಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು ನಿಂತ ಹೆಂಗಸರ ಹಾಗೆ, ಬೇರುಗಳೆಲ್ಲ ಹೊರಗೆ. ಇಪ್ಪತ್ತೆರಡು ಜನರೂ ಮಾತು ನಿಲ್ಲಿಸಿದರು. ಮ್ಯಾನೇಜರು ಕೂಡ ಸೀಟಿ ಕೆಳಗಿಟ್ಟ.

ಅತ್ತೆ ಮಾತ್ರ ನನ್ನ ತೋಳು ತಿವಿದರು. “ಇವು ಯಾಕ ಬೇರು ಮ್ಯಾಲ ಮಾಡ್ಕೊಂಡು ನಿಂತಾವ? ಕೇಳವನ್ನ.”

ಕೇಳಿದೆ. ಕೆಸರಿನೊಳಗೆ ಗಾಳಿ ಇರುವುದಿಲ್ಲ, ಅದಕ್ಕೇ ಉಸಿರಾಡಲು ಬೇರು ಮೇಲೆ ಬರುತ್ತವೆ ಅಂದ ಸೆಲ್ವಂ. ಅತ್ತೆಗೆ ಹೇಳಿದೆ. “ಪಾಪ” ಅಂದರು. ಆಮೇಲೆ, ಉಪ್ಪುನೀರು ಕುಡಿದು ಹೇಗೆ ಬದುಕುತ್ತವೆ ಕೇಳು ಅಂದರು. ಆಮೇಲೆ, ಇವನಿಗೆ ಮಕ್ಕಳೆಷ್ಟು ಕೇಳು ಅಂದರು. ಎರಡು ಭಾಷೆಯ ನಡುವೆ ಓಡಾಡಿ ಓಡಾಡಿ ನಾನು ನೋಡಬೇಕಾದ ಕಾಡು ನೋಡದೇ ಉಳಿಯಿತು.

ದ್ವೀಪದ ಕಟ್ಟೆ ಅಂದರೆ ಕಾಂಡ್ಲಾ ಗಿಡಗಳ ನಡುವೆ ಕಂಬ ನೆಟ್ಟು ಹಲಗೆ ಹಾಸಿದ್ದು. ಹಲಗೆ ಹಲಗೆಯ ನಡುವೆ ಒಂದು ಅಂಗೈ ಸಂದಿ, ಕೆಳಗೆ ಕಂದು ನೀರು. ಮಹೇಶನೂ ಸೇರಿ ಎಲ್ಲರೂ ಇಳಿದು ಜಾಕೆಟ್ಟು ಕಳಚಿ ರಾಶಿ ಹಾಕಿ ಗುಡ್ಡ ಹತ್ತಿಯೇಬಿಟ್ಟರು. ಅತ್ತೆ ಕಟ್ಟೆಯ ಮೇಲೆ ನಿಂತು ಇನ್ನೂ ಸೆಲ್ವಂನ ಎರಡನೇ ಮಗಳ ಮದುವೆಯ ಹತ್ತಿರ ಇದ್ದರು. ಹಿಂದೆ ಇನ್ನೊಂದು ಬೋಟು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಮೇಲಿನಿಂದ ಸೀಟಿ. “ಮೇಡಂ, ಆಂಟೀನ ಸ್ವಲ್ಪ ಫಾಸ್ಟ್ ಮಾಡಿ!” ಜಾಕೆಟ್ಟಿನ ಬಕಲ್ಲು ಸಿಕ್ಕಿಹಾಕಿಕೊಂಡಿತ್ತು. ಅತ್ತೆ ಎರಡೂ ಕೈಯಲ್ಲಿ ಅದನ್ನು ನಿಧಾನ ಬಿಡಿಸುತ್ತಿದ್ದರು, ಮನೆಯಲ್ಲಿ ಎಣಗಾಯಿಗೆ ಬದನೆಕಾಯಿ ಹೆಚ್ಚುವ ನಿಧಾನದಲ್ಲಿ. ನನಗೆ ಏನಾಯಿತೋ. ಏಳು ವರ್ಷದ ಆರೂ ಹನ್ನೊಂದೆಲ್ಲ ಒಟ್ಟಿಗೆ ಬಂದ ಹಾಗಾಯಿತು. “ತೆಗೀರಿ ಅತ್ತೆ!” ಅಂದು ಜಾಕೆಟ್ಟು ಹಿಡಿದು ತಲೆಯ ಮೇಲಿಂದ ಜಗ್ಗಿಬಿಟ್ಟೆ. ಅವರು “ಅವ್ವಾ” ಅಂದು ಕುತ್ತಿಗೆ ಹಿಡಿದುಕೊಂಡರು. ಕೆಳಗೆ ನೀರಿನಲ್ಲಿ ಪುಳಕ್ ಅಂತ ಒಂದು ಸದ್ದು. ಮೀನಿರಬೇಕು ಅಂದುಕೊಂಡೆ. “ನಡೀರಿ, ನಡೀರಿ” ಅಂದೆ.

ಗುಡ್ಡದ ಮೇಲೆ ಪಾಳುಬಿದ್ದ ಊರು. ಒಂದು ಕಾಲಕ್ಕೆ ದೊರೆಗಳು ಇಲ್ಲಿ ಇಗರ್ಜಿ, ಬೇಕರಿ, ಕುಣಿತದ ಮನೆ ಎಲ್ಲ ಕಟ್ಟಿಸಿಕೊಂಡಿದ್ದರಂತೆ. ಈಗ ಸೂರಿಲ್ಲ. ಗೋಡೆಗಳನ್ನು ಆಲದ ಜಾತಿಯ ಬೇರುಗಳು ಹಾವಿನ ಹಾಗೆ ಸುತ್ತಿಕೊಂಡಿವೆ. ಇಟ್ಟಿಗೆ ಬೇರನ್ನು ಹಿಡಿದಿದೆಯೋ ಬೇರು ಇಟ್ಟಿಗೆಯನ್ನೋ ಹೇಳಲಾಗುವುದಿಲ್ಲ. ಜಿಂಕೆಗಳು ಕುಣಿತದ ಮನೆಯಲ್ಲಿ ಮೇಯುತ್ತಿದ್ದವು. ಅತ್ತೆ ಬೇಕರಿಯ ಒಲೆಯೊಳಗೆ ತಲೆ ಹಾಕಿ ಹೊಗೆ ಎಲ್ಲಿ ಹೋಗುತ್ತಿತ್ತು ಅಂತ ನೋಡಿದರು. “ಇಷ್ಟು ದೊಡ್ಡ ಮನಿ ಯಾಕ ಬಿಟ್ಟು ಹೋದ್ರು? ನೀರಿನ ತ್ರಾಸ ಇತ್ತೇನು?” ಅಂದರು. ಮಾರತ್ತಹಳ್ಳಿಯಲ್ಲಿ ಟ್ಯಾಂಕರಿಗೆ ಕಾಯುವವರಿಗೆ ಬೇರೆ ಕಾರಣ ಹೊಳೆಯುವುದು ಕಷ್ಟ.

ಸಂಜೆ ಹೋಟೆಲಿಗೆ ಬಂದು ಅತ್ತೆ ಸ್ನಾನಕ್ಕೆ ಹೋದರು. ಬಚ್ಚಲಿನಿಂದ ಯಾವ ಸದ್ದೂ ಇಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಉಟ್ಟ ಸೀರೆ ಹಾಗೇ ಇತ್ತು, ಮೈಗೆ ನೀರು ಹಾಕಿಕೊಂಡೇ ಇರಲಿಲ್ಲ. ಕೈಯಲ್ಲಿ ಶಿವದಾರದ ಒಂದು ಗೇಣು ತುಂಡು.

“ಮಹೇಶಾ,” ಅಂದರು, “ಲಿಂಗ ಇಲ್ಲೋ.”

ಆ ಕ್ಷಣದಲ್ಲಿ ನನಗೆ ಆ ಪುಳಕ್ ಮತ್ತೆ ಕೇಳಿಸಿತು. ಮೀನಲ್ಲ ಅದು. ಹೇಳಬೇಕಿತ್ತು. ಮಹೇಶ ಹಾಸಿಗೆ ಕೊಡವಿದ, ಚೀಲ ಸುರುವಿದ, ಹೋಟೆಲಿನ ಫೋನಿನಿಂದ ಬಸ್ಸಿನವನನ್ನು ಕೇಳಿದ. ನಾನೂ ಅವನ ಜೊತೆ ಸೇರಿ, ಸಿಗುವುದಿಲ್ಲವೆಂದು ಗೊತ್ತಿದ್ದೂ, ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದೆ. ಲ್ಯಾಬಿನಲ್ಲಿ ತಪ್ಪು ಆದರೆ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕುವ ಕೆಲಸ ನನ್ನದು. ಅವತ್ತು ಬಾಯಿಂದ ಒಂದಕ್ಷರ ಬರಲಿಲ್ಲ.

ಅತ್ತೆ ಮಂಚದ ತುದಿಯಲ್ಲಿ ಕೂತಿದ್ದರು. “ಹಿಂದಿನ ಮಂದಿ ಲಿಂಗ ಹೋದ್ರ ಜೀವಾನ ಬಿಡ್ತಿದ್ರು” ಅಂದರು. ಹೆದರಿಸಲು ಅಂದದ್ದಲ್ಲ. ನೆನಪಾಯಿತು, ಅಂದರು ಅಷ್ಟೇ. ಊಟ ಬೇಡ ಅಂದರು. ಅವರಿಗೆ ಸಕ್ಕರೆ ಕಾಯಿಲೆ, ಊಟ ಇಲ್ಲದೆ ಗುಳಿಗೆ ಕೊಡುವ ಹಾಗಿಲ್ಲ. ಮಹೇಶ ಬೇಡಿಕೊಂಡ, ಆಮೇಲೆ ರೇಗಿದ, ಆಮೇಲೆ ಬಾಲ್ಕನಿಯಲ್ಲಿ ನಿಂತು ಕಣ್ಣು ಒರೆಸಿಕೊಂಡ. ಅವರು ಮೂರು ಗುಟುಕು ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗಿದರು.

ಬೆಳಗ್ಗೆಯೂ ಏನೂ ಮುಟ್ಟಲಿಲ್ಲ. ಗುಂಪು ಇನ್ಯಾವುದೋ ಬೀಚಿಗೆ ಹೊರಟಿತ್ತು. ಮ್ಯಾನೇಜರಿಗೆ ವಿಷಯ ಹೇಳಿದರೆ, “ಮೇಡಂ, ಅದು ನಮ್ಮ ಪ್ರೋಗ್ರಾಮಲ್ಲಿ ಇಲ್ಲ” ಅಂದ. ಅಂಥದ್ದು ಯಾರ ಪ್ರೋಗ್ರಾಮಲ್ಲಿ ಇರುತ್ತದೆ, ನೀವೇ ಹೇಳಿ. ನಾವು ಮೂವರೂ ಆಟೋ ಹಿಡಿದು ಬಂದರಿಗೆ ಹೋದೆವು. ಸೆಲ್ವಂಗೆ ಅವತ್ತು ರಜೆ. ಬೋಟು ತೊಳೆಯುತ್ತಾ ಕೂತಿದ್ದ. ನನ್ನ ಪೀಣ್ಯದ ತಮಿಳಿನಲ್ಲಿ, ಅತ್ತೆಯ ಸಾಮಿ ನೀರಿಗೆ ಬಿದ್ದಿದೆ ಅಣ್ಣ, ನಿನ್ನೆಯಿಂದ ಉಂಡಿಲ್ಲ, ಅಂದೆ.

“ಸಾಮಿಯಾ?” ಅಂದ. ಅತ್ತೆಯನ್ನು ಒಮ್ಮೆ ನೋಡಿದ. ಬಕೆಟ್ಟು ಕೆಳಗಿಟ್ಟು ಎಂಜಿನ್ ಹಗ್ಗ ಎಳೆದ.

ಇಳಿತದ ಹೊತ್ತಿಗೆ ತಲುಪಿಸಿದ. ಹಲಗೆ ಕಟ್ಟೆಯ ಕೆಳಗೆ ನೀರು ಜಾರಿ ಹೋಗಿ ಬರೀ ಕಪ್ಪು ಕೆಸರು. ಬೇರುಗಳು ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲೆ ಎದ್ದಿದ್ದವು. “ಎಲ್ಲಿ ಬಿತ್ತು ಅಂತ ಹೇಗೆ ಹೇಳೋದು?” ಅಂದ ಮಹೇಶ. “ಇಲ್ಲೇ ಹುಡುಕೋಣ” ಅಂದೆ, ಸರಿಯಾಗಿ ನಾನು ಜಗ್ಗಿದ ಜಾಗ ತೋರಿಸಿ. ಅವನು ಯಾಕೆ ಅಂತ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಸೆಲ್ವಂ, ಮಹೇಶ, ನಾನು ಮೂವರೂ ಮೊಣಕಾಲುದ್ದ ಕೆಸರಿಗೆ ಇಳಿದೆವು. ಎರಡು ಗಂಟೆ ಕೈಯಿಂದ ಸೋಸಿದೆವು. ಒಂದು ಎಡಗಾಲ ಚಪ್ಪಲಿ, ಬಾಚಣಿಗೆ, ಮೂರು ಕೂಲ್‌ಡ್ರಿಂಕ್ ಬಾಟಲು, ಯಾರದೋ ಕನ್ನಡಕದ ಒಂದು ಗಾಜು. ಮಹೇಶನ ಪಾದಕ್ಕೆ ಚಿಪ್ಪು ಕೊಯ್ದು ರಕ್ತ ಬಂತು. ಪ್ರತಿ ಸಲ ಏನೋ ಗಟ್ಟಿ ಸಿಕ್ಕಿದಾಗ ಕೆಸರು ಒರೆಸಿ ನೋಡುತ್ತಿದ್ದೆ; ಪ್ರತಿ ಸಲ ಕಲ್ಲು. ನೀರು ಮತ್ತೆ ಏರತೊಡಗಿತು. ಸೆಲ್ವಂ ಮೇಲೆ ಬಂದು ಅತ್ತೆಗೆ ಕೈ ಮುಗಿದು, ಕೆಸರು ಮೆತ್ತಗಿದೆ ಅಮ್ಮಾ, ಒಳಗೆ ಎಳೆದುಕೊಂಡುಬಿಟ್ಟಿದೆ, ಅಂದ.

ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು, “ಅವ್ನಿಗೆ ಕೈಕಾಲು ತೊಳ್ಕೊಳ್ಳಾಕ ಹೇಳು. ಉಪ್ಪುನೀರು ಕಡಿತೈತಿ” ಅಂದರು.

ಮಹೇಶನಿಗೆ ಮಠಕ್ಕೆ ಫೋನ್ ಮಾಡುವ ಯೋಚನೆ ಬಂತು. ಆಗೆಲ್ಲ ಅಂಡಮಾನಿನಲ್ಲಿ ಮೊಬೈಲು ಅಂದರೆ ಗಡಿಯಾರ. ಗುಡ್ಡದ ಮೇಲೆ ಕುಣಿತದ ಮನೆಯ ಹತ್ತಿರ ಸ್ವಲ್ಪ ಸಿಗ್ನಲ್ ಸಿಗುತ್ತದೆ ಅಂದ ಸೆಲ್ವಂ. ಒಂದು ದಿನ ಉಪವಾಸ ಇದ್ದ ಅರವತ್ನಾಲ್ಕು ವರ್ಷದ ಹೆಂಗಸನ್ನು ಮೆಲ್ಲಗೆ ಹತ್ತಿಸಿಕೊಂಡು ಹೋದೆವು. ಅವತ್ತು ನಾನು ಒಮ್ಮೆಯೂ “ನಡೀರಿ” ಅನ್ನಲಿಲ್ಲ.

ಮೊದಲ ಸಲ ಫೋನೆತ್ತಿದವನು, “ಅಜ್ಜಾರು ಪ್ರಸಾದಕ್ಕ ಕುಂತಾರ್ರಿ” ಅಂದ. ಮಠದಲ್ಲಿ ಪ್ರಸಾದ ಅಂದರೆ ಊಟ. ಇಲ್ಲಿ ಇವರು ಉಪವಾಸ, ಅಲ್ಲಿ ಅವರು ಊಟ, ನಡುವೆ ನಾನು ಸಿಗ್ನಲಿಗಾಗಿ ಬ್ರಿಟಿಷರ ಕಿಟಕಿ ಹತ್ತಿ ನಿಂತಿದ್ದೆ. ಎರಡನೇ ಸಲ ಕಟ್ಟಾಯಿತು. ಮೂರನೇ ಸಲ ನಮ್ಮ ಮಾತು ಅವರಿಗೆ ಕೇಳಿಸಲಿಲ್ಲ. ನಾಲ್ಕನೇ ಸಲ ಮುದುಕ ದನಿಯೊಂದು, “ಯಾರು, ಗಿರಿಜವ್ವನೇನು?” ಅಂತು.

ಗಿರಿಜವ್ವ ಅಂದರೆ ನಮ್ಮ ಅತ್ತೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲ ಹೇಳಿದರು. ಹೇಗೆ ಹೋಯಿತು ಅಂತ ಮಾತ್ರ ಹೇಳಲಿಲ್ಲ, “ನೀರಾಗ ಬಿತ್ತುರಿ” ಅಂದರು. ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಅಜ್ಜಾರ ದನಿ, “ಐವತ್ತಾರು ವರ್ಷ ಅಂಗೈಯಾಗ ಇಟ್ಕೊಂಡು ಕುಂತಾಕಿ ನೀನು. ಅಂಗೈ ಎಲ್ಲಿ ಹೋಗೈತಿ? ಅದನ್ನ ನೋಡಿ ಪೂಜಿ ಮಾಡು, ಉಣ್ಣು, ಗುಳಿಗಿ ತಗೋ. ಊರಿಗೆ ಬಾ, ಬ್ಯಾರೆ ಕಟ್ತೀನಿ.”

“ಆಗ್ಲಿರಿ ಅಜ್ಜಾರ” ಅಂದರು ಅತ್ತೆ. ಮಹೇಶನಿಗೆ ಜೀವ ಬಂತು. ಬೋಟಿನಲ್ಲಿದ್ದ ಇಡ್ಲಿ ಪೊಟ್ಟಣ ತರಲು ಕುಂಟುತ್ತಲೇ ಓಡಿದ. ತಂದಿಟ್ಟ. ಅತ್ತೆ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು ಖಾಲಿ ಅಂಗೈ ನೋಡಿದರು, ಮಡಿಲಲ್ಲಿ ಮಗುಚಿಟ್ಟರು. ಮತ್ತೆ ನೋಡಿದರು, ಮತ್ತೆ ಮಗುಚಿದರು.

“ಅಜ್ಜಾರು ಹೇಳಿದ ಮ್ಯಾಲೂ ಏನವ್ವ ನಿಂದು?” ಅಂತ ಮಹೇಶ ಕೂಗಾಡಿದ.

“ನೀ ಕೆಳಗ ಹೋಗು” ಅಂದರು. ಹೋದ.

ನಾವಿಬ್ಬರೇ ಉಳಿದೆವು, ಎದುರಿಗೆ ಒಂದು ಜಿಂಕೆ. ಇನ್ನು ತಡೆಯಲಾಗಲಿಲ್ಲ ನನಗೆ. “ಅತ್ತೆ, ಅದು ತಾನಾಗಿ ಬಿದ್ದಿದ್ದಲ್ಲ. ಜಾಕೆಟ್ಟು ತೆಗೆಯುವಾಗ ನಾನು ಜಗ್ಗಿದೆ. ಸದ್ದೂ ಕೇಳಿಸ್ತು. ನಿನ್ನೆಯಿಂದ ಹೇಳ್ಬೇಕು ಅಂತ...”

ಅತ್ತೆ ತಿರುಗಿ ನೋಡಿದರು. “ನಂಗ ಗೊತ್ತಿಲ್ಲೇನು? ಕುತ್ತಿಗಿ ನಂದಲ್ಲೇನವಾ?”

ಸೆರಗು ಸರಿಸಿದರು. ಕುತ್ತಿಗೆಯ ಹಿಂಭಾಗದಲ್ಲಿ ದಾರ ಕೊಯ್ದ ಕೆಂಪು ಗೆರೆ.

“ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?”

“ಆವಾಗ ಬರೇ ನೋವಷ್ಟ ಗೊತ್ತಾತು. ಬಚ್ಚಲದಾಗ ನಿಂತಾಗ ಎಲ್ಲಾ ತಿಳೀತು. ಮಗನ ಮುಂದ ಅಂದ್ರ ಅವಾ ನಿನಗ ಏನಂತಾನ? ಇಲ್ಲೀತನ ಬಂದು ನೀವಿಬ್ರೂ ಬಡದಾಡಬೇಕೇನು?” ಮತ್ತೆ ಅಂಗೈ ತಿರುಗಿಸಿ, “ಅಜ್ಜಾರು ಉಣ್ಣು ಅಂದ್ರು, ಖರೆ. ಆದ್ರ ಅಂಗೈ ನೋಡಿದ್ರ ನಿನ್ನ ಮುಖಾನ ಕಾಣ್ತೈತಿ. ಹೊಟ್ಟ್ಯಾಗ ಇಷ್ಟು ಸಿಟ್ಟು ಇಟ್ಕೊಂಡು ಹೆಂಗ ಪೂಜಿ ಮಾಡ್ಲಿ ನಾನು?”

“ಹಾಗಾದ್ರೆ ಬೈದುಬಿಡಿ” ಅಂದೆ.

ನನಗೆ ಗೊತ್ತಿರಲಿಲ್ಲ, ಅವರು ಇಷ್ಟು ಚೆನ್ನಾಗಿ ಬೈಯುತ್ತಾರೆ ಅಂತ. ಏಳು ವರ್ಷ ಒಂದೇ ಸೂರಿನಡಿ ಇದ್ದು ಅವರು ದನಿ ಏರಿಸಿದ್ದೇ ಇಲ್ಲ. ಪಾತ್ರೆ ಸದ್ದು ಮಾಡಿಸಿ ಮುಗಿಸುತ್ತಿದ್ದರು. ಅವತ್ತು ಸೂರಿಲ್ಲದ ಮನೆಯಲ್ಲಿ ಕೂತು ಎಲ್ಲ ತೆಗೆದರು. ನಾನು ಬೆಳಗ್ಗೆ ಬಾಗಿಲು ಬಡಿದು ಹೋಗುವುದು. ಅವರು ಮಾತಾಡುವಾಗ ಗಡಿಯಾರ ನೋಡುವುದು. ಏನು ಹೇಳಿದರೂ “ಆಯ್ತು ಅತ್ತೆ” ಅಂದು, ಏನು ಹೇಳಿದರು ಅಂತಲೇ ಕೇಳಿಸಿಕೊಳ್ಳದೆ ಇರುವುದು. ಅವರು ತಟ್ಟಿದ ರೊಟ್ಟಿ ಡಬ್ಬದಲ್ಲಿ ಒಣಗುತ್ತಿರುವಾಗ ಅಂಗಡಿಯಿಂದ ಬ್ರೆಡ್ ತರುವುದು. “ಸಮುದ್ರ ನೋಡಿಲ್ಲ ಅಂದ ದಿನಾ ನಿನ್ನ ಮುಖ ನೋಡೀನಿ ನಾ. ಎರಡ ದಿನ ಉಂಡಿಲ್ಲ ನೀ ಸರಿಯಾಗಿ. ನಾ ಏನ್ ನಿನ್ನ ಗಂಟು ಬಿದ್ದೀನೇನು?” ಜಿಂಕೆ ಹೆದರಿ ಓಡಿಹೋಯಿತು. ನಾನು ತಲೆ ತಗ್ಗಿಸಿ ಕೂತೆ. ತಮಾಷೆ ಏನೆಂದರೆ, ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ಕೊನೆಗೆ ಅವರಿಗೆ ಏದುಸಿರು ಬಂತು. “ಈಗ ನೀ ಅನ್ನು” ಅಂದರು.

“ನಾನೇನಿಲ್ಲ ಅತ್ತೆ.”

“ಅನ್ನವಾ. ಇಷ್ಟು ಜಗ್ಗಬೇಕಾದ್ರ ಏನಿಲ್ಲದ ಜಗ್ತಾರೇನು?”

ಬಚ್ಚಲಿನಿಂದ ಶುರು ಮಾಡಿದೆ. ಬೆಳ್ಳಂಬೆಳಗ್ಗೆ ಮಿಕ್ಸಿಯಲ್ಲಿ ಚಟ್ನಿಪುಡಿ ಮಾಡುವುದಕ್ಕೆ ಬಂದೆ. ನಾನು ಒಗೆದ ಬಟ್ಟೆ ಮತ್ತೆ ಹಿಂಡುವುದನ್ನು ಹೇಳಿದೆ. ಅಷ್ಟರಲ್ಲಿ, ಹೇಳಬಾರದು ಅಂದುಕೊಂಡಿದ್ದೂ ಬಾಯಿಗೆ ಬಂದುಬಿಟ್ಟಿತು. “ಮೇಲಿನ ಮನೆ ಅಕ್ಕನ ಹತ್ರ ಹೇಳಿದ್ರಲ್ಲ ನೀವು. ಲ್ಯಾಬಿನ ಔಷಧ ಮುಟ್ಟಿ ಮುಟ್ಟಿ ಇವಳಿಗೆ ಮಕ್ಕಳಾಗ್ತಿಲ್ಲ ಅಂತ. ನಾನು ಮೆಟ್ಟಿಲಲ್ಲೇ ನಿಂತಿದ್ದೆ ಅತ್ತೆ. ಎರಡು ವರ್ಷ ಆಯ್ತು. ದಿನಾ ಬಸ್ಸಲ್ಲಿ ಅದೇ ನೆನಪಾಗುತ್ತೆ.”

ಗೋಡೆಯ ಬೇರಿನ ಮೇಲೆ ಇರುವೆ ಸಾಲು ಹೋಗುತ್ತಿತ್ತು, ಅತ್ತೆ ಅದನ್ನೇ ನೋಡಿದರು.

“ಅಂದೀನಿ” ಅಂದರು. “ಅನ್ನಬಾರದಿತ್ತು. ತಪ್ಪಾತು.”

ಅಷ್ಟೇ. ಸಮಾಧಾನದ ಮಾತು ಇನ್ನೊಂದು ಬರಲಿಲ್ಲ. ನನಗೂ ಬೇಕಾಗಿರಲಿಲ್ಲ.

ಆಮೇಲೆ, “ಒಂದು ಎಲಿ ತಗೊಂಡ್ ಬಾ” ಅಂದರು. ಅಂಡಮಾನಿನ ಗುಡ್ಡದಲ್ಲಿ ಬಿಲ್ವಪತ್ರೆ ಎಲ್ಲಿಂದ ತರಲಿ? ನೀರಿನಂಚಿಗೆ ಇಳಿದು ಕಾಂಡ್ಲಾ ಗಿಡದ ನಾಲ್ಕು ಎಲೆ ಕಿತ್ತು ತಂದೆ. ಆ ಗಿಡಗಳು ಕುಡಿದ ಉಪ್ಪನ್ನು ಎಲೆಯ ಮೇಲೆ ಬೆವರುತ್ತವಂತೆ. ಹಸಿರಿನ ಮೇಲೆ ಸಣ್ಣ ಬಿಳಿ ಹರಳು ಮಿನುಗುತ್ತಿದ್ದವು. ಅತ್ತೆ ಬಾಟಲಿ ನೀರಿನಲ್ಲಿ ಕೈ ತೊಳೆದು, ಚೀಲದಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿ, ಎಡ ಅಂಗೈಗೂ ಹಚ್ಚಿದರು. ಅದರ ಮೇಲೆ ಒಂದೊಂದೇ ಎಲೆ ಇಟ್ಟರು. ಅಂಗೈಯನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದು ದಿಟ್ಟಿಸಿದರು. ದಿನಾ ಬೆಳಗ್ಗೆ ಅವರು ಹಾಗೆ ಕೂತಿರುವಾಗ ನಾನು ನೀರಿನ ಬಾಟಲು ಹುಡುಕುತ್ತಾ ಅವರನ್ನು ದಾಟಿಕೊಂಡು ಓಡಿರುತ್ತೇನೆ. ಅವರು ಕಣ್ಣು ಮುಚ್ಚುವುದಿಲ್ಲ ಅಂತ ನನಗೆ ಗೊತ್ತಾದದ್ದೇ ಅವತ್ತು. ಅರ್ಧ ಗಂಟೆ ಅವರ ಕೈ ಅಲುಗಲಿಲ್ಲ. ನಾನೂ ಗಡಿಯಾರ ನೋಡಲಿಲ್ಲ, ಅದಕ್ಕೇ ಅರ್ಧ ಗಂಟೆ ಅನ್ನುವುದು ಅಂದಾಜು.

ಊರಿಗೆ ಬಂದ ಮೇಲೆ ಮಠಕ್ಕೆ ಹೋದೆವು, ಅಜ್ಜಾರು ಹೊಸ ಲಿಂಗ ಕಟ್ಟಿದರು. ಮಹೇಶನಿಗೆ ಜಾಕೆಟ್ಟಿನ ವಿಷಯ ನಾನೇ ಹೇಳಿದೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ, ಅತ್ತೆಯೇ ಅವನನ್ನು ಗದರಿದರು. ಮಕ್ಕಳ ವಿಷಯ ಮಾತ್ರ ಹಾಗೇ ಉಳಿಯಿತು, ನಮಗೆ ಆಗಲಿಲ್ಲ. ಆದರೆ ಮೇಲಿನ ಮನೆಯ ಅಕ್ಕ ಒಮ್ಮೆ ಆ ಮಾತು ಎತ್ತಿದಾಗ ಅತ್ತೆ ಆಕೆಗೆ ಏನಂದರೋ, ಆಕೆ ಮತ್ತೆ ನಮ್ಮ ಮನೆಗೆ ಮೊಸರು ಹೆಪ್ಪಿಗೂ ಬಂದಿಲ್ಲ. ಇದೆಲ್ಲ ಆಮೇಲಿನದು. ಅವತ್ತು ಗುಡ್ಡದ ಮೇಲೆ ಪೂಜೆ ಮುಗಿಸಿ ಅತ್ತೆ ಇಡ್ಲಿ ಪೊಟ್ಟಣ ಬಿಚ್ಚಿದರು. “ಕಲ್ಲಾಗ್ಯಾವ” ಅಂದರು. ಒಂದು ನನ್ನ ಕೈಗಿಟ್ಟು, ಒಂದು ತಾವು ಮುರಿದುಕೊಂಡರು. ಗುಳಿಗೆ ನುಂಗಿದರು. ಎರಡನೇ ಇಡ್ಲಿಗೆ ಕೈ ಹಾಕುವಾಗ ಕೆಳಗಿನಿಂದ ಮಹೇಶ ಕೂಗಿದ, “ಅವ್ವಾ, ಆತೇನು? ಬೋಟಿನವ ಕಾಯಾಕತ್ಯಾನ, ಬರ್ತೀರೇನು?”

ಅತ್ತೆ ಬಾಯಲ್ಲಿ ಇಡ್ಲಿ ತುಂಬಿಕೊಂಡೇ ಕೂಗಿದರು, “ತಡಿಯೋ! ನಮ್ದಿನ್ನೂ ಮುಗಿದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಕೈ ಒರೆಸಿಕೊಂಡು, ಗಟ್ಟಿಯಾಗಿ ಕೂತರು.

“ಹೂಂ. ಆ ಮಿಕ್ಸಿದು ಏನಂದಿ?”